ಮೊದಲು ದಿಂಬು, ಆಮೇಲೆ ಟೀ

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಪೀಣ್ಯದ ಲಾರಿ ಆಫೀಸೊಂದರಲ್ಲಿ ನೈಟ್ ಡ್ಯೂಟಿಗೆ ಸೇರಿದೆ ಎಂದರೆ ಕಾನ್ವೆಂಟಿನ ನನ್ನ ಗೆಳತಿಯರು ಈಗಲೂ ಪೂರ್ತಿ ನಂಬುವುದಿಲ್ಲ. “ಯೂ? ಇನ್ ಎ ಲಾರಿ ಆಫೀಸ್?” ಎಂದು ಒಬ್ಬಳಂತೂ ಫೋನಿನಲ್ಲೇ ಕಿರುಚಿದ್ದಳು. ತುಮಕೂರು ರಸ್ತೆ ಎಂದರೆ ಧರ್ಮಸ್ಥಳಕ್ಕೆ ಹೋಗುವಾಗ ಹೊಗೆಗೆ ಹೆದರಿ ಕಾರಿನ ಗಾಜು ಏರಿಸಿಕೊಳ್ಳುವ ಜಾಗ, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ನಾನು ಆ ಹೊಗೆಯಲ್ಲೇ ಸಂಸಾರ ಮಾಡಿದವಳು. ನಮ್ಮವರು ಅಲ್ಲಿಯ ಕಾರ್ಖಾನೆಯೊಂದರಲ್ಲಿ ವಾರಕ್ಕೊಂದು ಶಿಫ್ಟ್ ತಿರುಗುತ್ತಿದ್ದರು. ನಾನು ಎರಡು ಬೀದಿ ಆಚೆ ಇನ್ನೊಂದರಲ್ಲಿ ಸ್ಟೆನೋ. ನನ್ನ ಕಾರ್ಖಾನೆ ಬಾಗಿಲು ಹಾಕಿದ ಮರುವರ್ಷ ನಮ್ಮವರೂ ಹೋಗಿಬಿಟ್ಟರು. ಆಮೇಲೆ ನನಗೆ ರಾತ್ರಿ ನಿದ್ದೆ ಬರುವುದೇ ನಿಂತಿತು. ಹಾಸಿಗೆಯ ಮೇಲೆ ಕೂತು ಹೆದ್ದಾರಿಯಲ್ಲಿ ಲಾರಿಗಳು ಗೇರ್ ಬದಲಾಯಿಸುವ ಸದ್ದು ಕೇಳುತ್ತ ಬೆಳಗು ಮಾಡುತ್ತಿದ್ದೆ. ಅಂಥವಳಿಗೆ, ಎಚ್ಚರವಾಗಿ ಕೂತಿರುವುದಕ್ಕೇ ಸಂಬಳ ಕೊಡುವ ಕೆಲಸವೊಂದಿದೆ ಎಂದು ತಿಳಿದರೆ ಬಿಡುವುದುಂಟೆ?

ಕೆಳಗೆ ಗೋಡೌನ್, ಮೇಲೆ ಮಾಲೀಕರ ಮನೆ. ಹಾಗಾಗಿ ಹೆಂಗಸೊಬ್ಬಳು ರಾತ್ರಿ ಕೂರುವುದಕ್ಕೆ ಯಾರೂ ಆಕ್ಷೇಪವೆತ್ತಲಿಲ್ಲ. ನನ್ನ ಕೆಲಸ ಇಷ್ಟು: ಯಾವ ಲಾರಿ ಎಷ್ಟು ಹೊತ್ತಿಗೆ ಯಾವ ಊರಿಗೆ ಹೊರಟಿತು, ಅದರ ಬಾಗಿಲಿಗೆ ಹಾಕಿದ ಸೀಲಿನ ನಂಬರೇನು, ಬೆಳಿಗ್ಗೆ ಯಾವುದು ವಾಪಸ್ ಬಂತು ಎಂದು ರಿಜಿಸ್ಟರಿನಲ್ಲಿ ಬರೆಯುವುದು. ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗ್ ನೋಡಿ ಮಾಲೀಕರಿಗೆ ಎಷ್ಟು ಸಂತೋಷವಾಯಿತೆಂದರೆ, ಬಂದುಹೋದವರಿಗೆಲ್ಲ ರಿಜಿಸ್ಟರ್ ತೆರೆದು ತೋರಿಸುತ್ತಿದ್ದರು. ಒಂಬತ್ತು ಗಂಟೆಯ ಹೊತ್ತಿಗೆ ಲಾರಿಗಳೆಲ್ಲ ಗುಡುಗುಡು ಎನ್ನುತ್ತ ಹೊರಬಿದ್ದ ಮೇಲೆ ಅಂಗಳ ಒಮ್ಮೆಗೇ ದೊಡ್ಡದಾಗುತ್ತಿತ್ತು. ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು ಆ ಖಾಲಿ ಜಾಗವನ್ನು ನೋಡುತ್ತ ಕೂರುವುದು, ಐ ಮಸ್ಟ್ ಸೇ, ನನ್ನ ಜೀವನದ ದೊಡ್ಡ ಸುಖಗಳಲ್ಲೊಂದು.

ಹುಬ್ಬಳ್ಳಿ ಲೈನಿಗೆ ಒಬ್ಬ ಡ್ರೈವರ್ ಇದ್ದ. ನಲವತ್ತರ ಆಸುಪಾಸು, ಶಿರಾ ಕಡೆಯ ಹಳ್ಳಿಯವನು, ಬಾಗಲಗುಂಟೆಯಲ್ಲಿ ಒಂದು ರೂಮಿನ ಬಾಡಿಗೆ ಮನೆ. ಹದಿನಾಲ್ಕು ವರ್ಷದಿಂದ ಕೆಂಪು ಕ್ಯಾಬಿನ್ನಿನ ಒಂದೇ ಲಾರಿ ಓಡಿಸುತ್ತಿದ್ದ. ರಾತ್ರಿ ಹೊರಟರೆ ಬೆಳಿಗ್ಗೆ ಹುಬ್ಬಳ್ಳಿ. ಅಲ್ಲಿ ಲೋಡ್ ಇಳಿಸಿ, ವಾಪಸ್ ಲೋಡಿಗೆ ಒಂದೋ ಎರಡೋ ದಿನ ಕಾದು, ಲಾರಿಯ ಕೆಳಗೇ ಚಾಪೆ ಹಾಸಿ ಮಲಗಿ, ಮತ್ತೆ ಬರುವುದು. ನನ್ನನ್ನು ‘ಮೇಡಂ’ ಎಂದು ಕರೆದು ಕೈ ಕಟ್ಟಿ ನಿಲ್ಲುತ್ತಿದ್ದ. ಮಾತು ಕಡಿಮೆ.

ಅವನ ಕಥೆ ನನಗೆ ತಿಳಿದದ್ದು ಅವನ ಹೆಂಡತಿಯಿಂದ. ಒಂದು ಸಂಜೆ ನಾನಿನ್ನೂ ಕುರ್ಚಿ ಒರೆಸುತ್ತಿದ್ದೆ, ಗಾರ್ಮೆಂಟ್ಸ್ ಕಾರ್ಖಾನೆಯ ಐಡಿ ಕಾರ್ಡ್ ಕೊರಳಲ್ಲೇ ಇದ್ದ ಹೆಂಗಸೊಬ್ಬಳು ಒಳಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನೀವೇನಾ ನೈಟ್ ಡ್ಯೂಟಿ ಮೇಡಂ?”

“ಹೌದಮ್ಮ.”

“ಅಯ್ಯೋ! ಇಷ್ಟು ವಯಸ್ಸಾಗಿದ್ಯಾ ನಿಮಗೆ!” ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ಕೂತೇ ಬಿಟ್ಟಳು. “ನಮ್ಮೋರು ಬಾಯ್ಬಿಟ್ರೆ ಮೇಡಂ ಅಂಗಂದ್ರು, ಮೇಡಂ ಇಂಗಂದ್ರು ಅಂತಿದ್ರು. ಒಂದ್ಸಲ ನೋಡ್ಕೊಂಡ್ ಹೋಗಣ ಅಂತ ಬಂದೆ. ಬೇಜಾರ್ ಮಾಡ್ಕೋಬೇಡಿ.”

ಬೇಜಾರೇ? ನಾನು ಎಷ್ಟೋ ದಿನದ ಮೇಲೆ ಅಷ್ಟು ನಕ್ಕಿದ್ದೆ. ಫ್ಲಾಸ್ಕಿನ ಮುಚ್ಚಳದಲ್ಲಿ ಅವಳಿಗೂ ಕಾಫಿ ಕೊಟ್ಟೆ. ಕುಡಿಯುತ್ತ ಹೇಳಿದಳು: ಅವಳು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಆರೂವರೆಗೆ ಬರುವುದು. ಅವನು ಊರಿಗೆ ಬರುವುದು ಹಗಲು ಹೊತ್ತಿನಲ್ಲಿ, ಅವಳು ಬರುವಷ್ಟರಲ್ಲಿ ಲೋಡಿಗೆಂದು ಹೊರಟಿರುತ್ತಾನೆ. ಬೀಗ ಹಾಕಿದ ಮನೆಗೆ ಬಂದು, ಬೀಗ ಹಾಕಿಕೊಂಡು ಹೋಗುತ್ತಾನೆ. ಪಾತ್ರೆಯಲ್ಲಿ ಸಾರು ಮಿಕ್ಕಿದ್ದರೆ ಉಪ್ಪು ಜಾಸ್ತಿಯಾಗಿತ್ತು ಎಂದು ಇವಳು ತಿಳಿದುಕೊಳ್ಳಬೇಕು. ಒಗೆದು ಒಣಹಾಕಿದ ಅವಳ ಸೀರೆ ಮಡಿಸಿಟ್ಟಿದ್ದರೆ ಅವನು ಖುಷಿಯಾಗಿದ್ದ ಎಂದು ಅರ್ಥ.

“ಮಕ್ಕಳಿಲ್ಲ, ಮರಿಯಿಲ್ಲ. ಇರೋದು ಇಬ್ರೇ. ಇಬ್ರೂ ಒಂದೇ ಮನೇಲಿದ್ದು ಲೆಟರ್ ಬರ್ಕೊಳ್ಳೋ ಹಂಗಾಗಿದೆ. ದಿನಾ ಒಂದ್ ಗಂಟೆ ಎದುರುಬದುರು ಕೂತ್ಕೊಂಡ್ರೆ ಸಾಕಿತ್ತು ಮೇಡಂ” ಎಂದಳು.

ಶಿಫ್ಟ್ ಸಂಸಾರ ನನಗೆ ಹೊಸದಲ್ಲ. ನಮ್ಮವರು ಸೆಕೆಂಡ್ ಶಿಫ್ಟಿನಲ್ಲಿದ್ದ ವಾರಗಳಲ್ಲಿ ನಾವಿಬ್ಬರೂ ಬಸ್‌ಸ್ಟಾಪಿನಲ್ಲಿ ಎದುರಾಗಿ, ಅವರು ಆಚೆ, ನಾನು ಈಚೆ, ಮನೆಯ ಬೀಗದಕೈ ಬದಲಾಯಿಸಿಕೊಳ್ಳುತ್ತಿದ್ದೆವು. ಅದರಲ್ಲೂ ಒಂದು ರೊಮ್ಯಾನ್ಸ್ ಇತ್ತು ಎಂದು ಈಗ ಅನ್ನಿಸುತ್ತದೆ. ಆಗ ಬರೀ ಕಾಲು ನೋವು.

ಆ ರಾತ್ರಿ ಗೋಡೆಯ ಮ್ಯಾಪಿನ ಮುಂದೆ ನಿಂತು ಯೋಚಿಸಿದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ನಾನೂರು ಕಿಲೋಮೀಟರ್, ಸರಿಯಾಗಿ ನಡುವೆ ಚಿತ್ರದುರ್ಗ. ಕಾನ್ವೆಂಟಿನ ಸ್ಪೋರ್ಟ್ಸ್ ಡೇಯಲ್ಲಿ ನಾನು ರಿಲೇ ಓಡಿದವಳು. ಒಬ್ಬಳೇ ಕೊನೆಯವರೆಗೂ ಯಾಕೆ ಓಡಬೇಕು? ಇಲ್ಲಿಂದ ಒಂದು ಲಾರಿ, ಅಲ್ಲಿಂದ ಒಂದು ಲಾರಿ, ಎರಡೂ ಒಂಬತ್ತಕ್ಕೆ ಹೊರಡಲಿ. ಒಂದೂವರೆಗೆ ದುರ್ಗದ ಹತ್ತಿರದ ಢಾಬಾದಲ್ಲಿ ಸೇರಲಿ. ಡ್ರೈವರುಗಳು ಲಾರಿ ಬದಲಾಯಿಸಿಕೊಂಡು ತಮ್ಮ ತಮ್ಮ ಊರಿಗೆ ತಿರುಗಲಿ. ಹುಬ್ಬಳ್ಳಿಯ ಲೋಡ್ ಹುಬ್ಬಳ್ಳಿಗೆ, ಬೆಂಗಳೂರಿನದು ಬೆಂಗಳೂರಿಗೆ. ಬೆಳಿಗ್ಗೆ ಆರಕ್ಕೆ ಇಬ್ಬರೂ ಅವರವರ ಊರಿನಲ್ಲಿ. ಆರೂವರೆಗೆ ಮನೆಯಲ್ಲಿ. ಎಂಟರವರೆಗೆ, ಆಹಾ, ಒಂದೂವರೆ ಗಂಟೆ.

ಮಾಲೀಕರು ಕೇಳಿ ತಲೆಯಾಡಿಸಿದರು. ಅವರೂ ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದವರು.

“ಮೇಡಂ, ಡ್ರೈವರಿಗೆ ಗಾಡಿ ಅಂದ್ರೆ ಹೆಂಡ್ತಿ ಇದ್ದಂಗೆ. ದಿನಾ ಬದಲಾಯ್ಸು ಅಂದ್ರೆ ಯಾವನು ಜೋಪಾನ ಮಾಡ್ತಾನೆ? ಎರಡು ಕೈಗೆ ಬಿದ್ದ ಗಾಡಿ ಯಾರದ್ದೂ ಅಲ್ಲ.”

“ಮನೇಲಿರೋ ಹೆಂಡತಿನ ಯಾರು ಜೋಪಾನ ಮಾಡ್ಬೇಕು ಸಾರ್?” ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ದರೆ ಮಂಡಿಯೂರಿಸಿ ನಿಲ್ಲಿಸುತ್ತಿದ್ದರು.

ಅವರು ಮ್ಯಾಪಿನತ್ತ ಒಮ್ಮೆ ನೋಡಿ ಹೇಳಿದರು: “ಒಂದು ತಿಂಗಳು ಟ್ರಯಲ್. ಒಂದೇ ಒಂದು ಲೋಡ್ ತಪ್ಪಿದ್ರೂ ಹಳೇ ಪದ್ಧತಿ. ಆಮೇಲೆ ನನ್ನ ಹತ್ರ ವಾದ ಮಾಡಂಗಿಲ್ಲ.”

ಹುಬ್ಬಳ್ಳಿಯ ಕಡೆಯಿಂದ ಬರುತ್ತಿದ್ದವನು ಅಲ್ಲಿಯವನೇ, ನೀಲಿ ಕ್ಯಾಬಿನ್ನಿನ ಲಾರಿಯವನು. ಅವನನ್ನು ನಾನು ಕಣ್ಣಾರೆ ಕಂಡದ್ದೇ ಇಲ್ಲ, ಫೋನಿನಲ್ಲಿ ಕೇಳಿದ ದೊಡ್ಡ ದನಿ ಮಾತ್ರ. ಇವನು ಎಷ್ಟು ಮೌನಿಯೋ ಅವನು ಅಷ್ಟು ಮಾತುಗಾರ. ಪದ್ಧತಿಯನ್ನು ನಾನೇ ಮಾಡಿಕೊಟ್ಟೆ: ಢಾಬಾ ತಲುಪಿದರೆ ಒಂದು ಮಿಸ್ಡ್ ಕಾಲ್, ಲೋಡಿನ ವಿವರ, ಸೀಲಿನ ನಂಬರ್ ಬರೆದ ಟ್ರಿಪ್ ಶೀಟುಗಳನ್ನು ಬದಲಾಯಿಸಿಕೊಂಡ ಮೇಲೆ ಎರಡು. ಲಾರಿಯ ಕೀ ಲಾರಿಯಲ್ಲೇ. ಟೀ ಕುಡಿದು, ಸೀಟಿಗೆ ಒರಗಿಸಿಕೊಳ್ಳುವ ದಿಂಬು, ಹೊದಿಕೆ, ನೀರಿನ ಕ್ಯಾನು ಎತ್ತಿಕೊಂಡು ಇನ್ನೊಂದಕ್ಕೆ ಹತ್ತುವುದು. ಹೀಗಾಗಿ ಒಂದು ದಿನ ಕೆಂಪು ಲಾರಿ ನಮ್ಮಲ್ಲಿ, ಮರುದಿನ ನೀಲಿಯದು.

ಮೊದಲ ವಾರ ನಮ್ಮ ಡ್ರೈವರ್ ನೀಲಿ ಲಾರಿಯಿಂದ ಮುಖ ಹಿಂಡಿಕೊಂಡು ಇಳಿಯುತ್ತಿದ್ದ. “ಕ್ಲಚ್ಚು ಕಾಲಿಗೆ ಮಾತಾಡಲ್ಲ ಮೇಡಂ, ಬೇರೆಯವ್ರ ಮನೇಲಿ ಮಲಗ್ದಂಗಾಯ್ತದೆ” ಎನ್ನುತ್ತಿದ್ದ. ಆದರೆ ಇಳಿದವನು ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ. ಶಿಫ್ಟಿಗೆ ಬರುವ ಜನರ ಎದುರಿಗೆ, ಹೆಗಲಿಗೆ ಟವೆಲು ಹಾಕಿಕೊಂಡು, ಸ್ಕೂಲು ಬಿಟ್ಟ ಹುಡುಗನ ಹಾಗೆ ಹೋಗಿಬಿಡುತ್ತಿದ್ದ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, “ಹೇಗಿದೆಯಪ್ಪಾ ಮನೆ?” ಎಂದು ಕೇಳಿದೆ.

“ನೆನ್ನೆ ಜಗಳ ಆಯ್ತು ಮೇಡಂ” ಎಂದ. ಮುಖ ಅರಳಿತ್ತು. “ಅವ್ಳು ಟೊಮೆಟೊ ಗೊಜ್ಜು ಅಂದ್ಲು, ನಾನು ಚಟ್ನಿ ಅಂದೆ. ಮುಕ್ಕಾಲು ಗಂಟೆ! ಇಷ್ಟ್ ವರ್ಸ ಜಗಳ ಆಡಕ್ಕೂ ಟೈಮ್ ಇರ್ನಿಲ್ಲ ನೋಡಿ.”

ಇಪ್ಪತ್ತೇಳನೆಯ ದಿನಕ್ಕೆ ಆಯುಧಪೂಜೆ ಬಂತು. ಸರದಿಯ ಪ್ರಕಾರ ಆ ದಿನ ಕೆಂಪು ಲಾರಿ ಪೀಣ್ಯದಲ್ಲೇ ಇತ್ತು, ನೀಲಿಯದು ಹುಬ್ಬಳ್ಳಿಯಲ್ಲಿ. ಇದು ದೇವರ ಲೆಕ್ಕಾಚಾರವೇ ಎಂದು ಇಬ್ಬರಿಗೂ ಹಿಗ್ಗು. ನಮ್ಮವನು ಮಧ್ಯಾಹ್ನವೇ ಬಂದು ಲಾರಿಯನ್ನು ಶ್ಯಾಂಪೂ ಹಾಕಿ ತೊಳೆದ, ಯಾವುದೋ ಪೆಟ್ಟಿಗೆಯಂಗಡಿಯ ಪುಟ್ಟ ಪೊಟ್ಟಣದ ಶ್ಯಾಂಪೂ, ಎಣಿಸಿದರೆ ಇಪ್ಪತ್ತಿರಬಹುದು. ಬಾಳೆಕಂದು ಕಟ್ಟಿದ. ಚೆಂಡುಹೂವಿನ ಹಾರ ಕನ್ನಡಿಗಳಿಗೂ ಬಿತ್ತು. ಕುಂಬಳಕಾಯಿ ಒಡೆದು, ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ನಮಗೆಲ್ಲ ಕಡಲೆಪುರಿ ಹಂಚಿ, ಹೊಸ ಶರ್ಟು ಹಾಕಿಕೊಂಡು ಒಂಬತ್ತಕ್ಕೆ ಹೊರಟ. ಹಾರ್ನ್ ಬೇರೆ ಎರಡು ಸಲ ಹೆಚ್ಚಿಗೆ ಹೊಡೆದ.

ಒಂದು ಮೂವತ್ತೈದಕ್ಕೆ ಒಂದು ಮಿಸ್ಡ್ ಕಾಲ್ ಬಂತು. ಐದು ನಿಮಿಷಕ್ಕೆ ಎರಡು. ಎಲ್ಲ ಸರಿಯಾಗಿದೆ ಎಂದು ಟಿಕ್ ಹಾಕಿದೆ.

ಬೆಳಿಗ್ಗೆ ಆರಕ್ಕೆ ಲಾರಿ ಬಂತು. ನಾನು ಟ್ರಿಪ್ ಶೀಟ್ ಹಿಡಿದು ಹಿಂಬಾಗಿಲ ಸೀಲ್ ಪರೀಕ್ಷಿಸಲು ಹೋದೆ. ಶೀಟಿನಲ್ಲಿರುವ ನಂಬರೇ ಬೇರೆ, ಬಾಗಿಲಲ್ಲಿರುವುದೇ ಬೇರೆ. ಆದರೆ ಬಾಗಿಲಿನ ನಂಬರು ಎಲ್ಲೋ ನೋಡಿದ ಹಾಗಿತ್ತು. ಎಲ್ಲಿ ಏನು, ಹಿಂದಿನ ಸಂಜೆ ನಾನೇ ರಿಜಿಸ್ಟರಿನಲ್ಲಿ ಬರೆದದ್ದು.

“ಏನಪ್ಪಾ, ಇದು ಯಾವ ಗಾಡಿ?”

“ನಮ್ದೇ ಮೇಡಂ.”

“ನಿಮ್ದೇ ಅಂದ್ರೆ?”

“ನನ್ ಗಾಡಿ...” ಎಂದು ಪ್ರೀತಿಯಿಂದ ಬಾನೆಟ್ ತಟ್ಟಲು ಹೋದವನ ಕೈ ಗಾಳಿಯಲ್ಲೇ ನಿಂತಿತು. ಕೆಂಪು ಕ್ಯಾಬಿನ್ ನೋಡಿದ. ಬಾಳೆಕಂದು ನೋಡಿದ. “ಅಯ್ಯೋ ಶಿವನೇ! ನಾನ್ ಇದ್ರಲ್ಲೇ ಓಗಿದ್ನಲ್ಲಾ!”

ಮೊದಲು ನಕ್ಕವಳು ನಾನು, ಸುಳ್ಳು ಹೇಳುವುದಿಲ್ಲ. ಮರುಕ್ಷಣ ನಗು ನಿಂತಿತು. ಹುಬ್ಬಳ್ಳಿಗೆ ಹೋಗಬೇಕಿದ್ದ ಲೋಡ್ ಇಡೀ ರಾತ್ರಿ ಹೆದ್ದಾರಿ ಸುತ್ತಿಕೊಂಡು ವಾಪಸ್ ಪೀಣ್ಯಕ್ಕೆ ಬಂದಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಫೋನು.

“ಮೇಡಮ್ಮಾರ, ನಮಸ್ಕಾರ್ರೀ. ಇಲ್ಲೊಂದು ಸಣ್ಣ ಗಡಿಬಿಡಿ ಆಗೇತ್ರಿ.”

“ಎಷ್ಟು ಸಣ್ಣದು?”

“ನಾಕ್ನೂರು ಕಿಲೋಮೀಟರಿನಷ್ಟ್ರೀ.”

ಏನಾಯಿತು ಎಂದು ಇಬ್ಬರ ಬಾಯಿಂದಲೂ ಜೋಡಿಸಿಕೊಂಡೆ. ಶೀಟು ಬದಲಾಯಿಸಿ ನನಗೆ ಮಿಸ್ಡ್ ಕಾಲ್ ಕೊಟ್ಟಿದ್ದಾರೆ. ಟೀಗೆ ಕೂತಿದ್ದಾರೆ. ಅವನು ತಂದ ಶೇಂಗಾ ಹೋಳಿಗೆ, ಇವನು ತಂದ ಕಡಲೆಪುರಿ. ಯಾರ ಲಾರಿಯ ಅಲಂಕಾರ ಚೆನ್ನಾಗಿದೆ ಎಂದು ವಾದ ಹತ್ತಿದೆ, ಢಾಬಾದವನನ್ನು ಕರೆದು ಜಡ್ಜ್ ಮಾಡಿಸಿದ್ದಾರೆ. ಗೆದ್ದ ಹೆಮ್ಮೆಯಲ್ಲಿ ಒಬ್ಬ, ಸೋತ ಸಿಟ್ಟಿನಲ್ಲಿ ಇನ್ನೊಬ್ಬ, ಇಬ್ಬರೂ ತಾವು ಸಿಂಗರಿಸಿದ ಲಾರಿಯನ್ನೇ ಹತ್ತಿದ್ದಾರೆ. ಸೀಟಿನಲ್ಲಿ ಅವರವರ ದಿಂಬು. ಹದಿನಾಲ್ಕು ವರ್ಷದ ಬೆನ್ನು ಅದಕ್ಕೆ ಒರಗಿದ ಮೇಲೆ ಇನ್ನೇನು ಅನುಮಾನ?

“ಮೇಡಮ್ಮಾರ, ಇವತ್ತ ದಸರಾ ಐತ್ರಿ” ಎಂದು ಫೋನಿನ ದನಿ ಮೆತ್ತಗಾಯಿತು. “ಇಲ್ಲಿ ಒಂದ್ ಅಂಗಡೀನೂ ತೆಗೆಯೂದಿಲ್ಲ. ಮಾಲು ಬಂದಿಲ್ಲಂತ ಯಾರೂ ಕೇಳಾಂಗಿಲ್ಲ. ರಾತ್ರಿ ಸುಮ್ನ ಮತ್ತ ಹೊಂಟು ಬದಲಿ ಮಾಡ್ಕೊಂಡ್ರಾತು. ಯಾರಿಗ್ ತಿಳೀತೈತ್ರೀ?”

ನಿಜವೇ. ತಿಂಗಳು ತುಂಬಲು ಮೂರು ದಿನ ಬಾಕಿ. ಮಾಲೀಕರು ಮೇಲೆ ಇನ್ನೂ ಎದ್ದಿರಲಿಲ್ಲ. ಒಂದು ಸಾಲು ಬರೆಯದೆ ಬಿಟ್ಟರೆ ಆ ಒಂದೂವರೆ ಗಂಟೆ ಉಳಿಯುತ್ತದೆ. ನಮ್ಮ ಸಿಸ್ಟರ್‌ಗಳು ಪಾಪದಲ್ಲಿ ದೊಡ್ಡದು, ಚಿಲ್ಲರೆ ಎಂದು ಎರಡು ಬಗೆ ಹೇಳಿಕೊಟ್ಟಿದ್ದರು. ಇದು ಖಂಡಿತ ಚಿಲ್ಲರೆ. ಪೆನ್ನು ಹಿಡಿದು ಕೂತೆ. ಆದರೆ ನಾಳೆ ಹಮಾಲರು ಗೋಡೌನ್ ಬಾಗಿಲು ತೆರೆದಾಗ ಇವತ್ತು ಬರಬೇಕಿದ್ದ ಮಾಲು ಇಳಿದೇ ಇಲ್ಲ ಎಂದು ಅಂಗಳಕ್ಕೆಲ್ಲ ತಿಳಿಯುತ್ತದೆ. ಆಮೇಲೆ ಎಂದಾದರೊಂದು ದಿನ ಮಾಲೀಕರ ಕಿವಿಗೂ. ಸುಳ್ಳಿನ ಮೇಲೆ ನಿಲ್ಲಿಸಿದ ಒಂದೂವರೆ ಗಂಟೆ ಎಷ್ಟು ದಿನ ನಿಂತೀತು?

“ಬರೀರಿ ಮೇಡಂ” ಎಂದ ನಮ್ಮವನು, ನನ್ನ ಪೆನ್ನನ್ನೇ ನೋಡುತ್ತ. “ನಮ್ ದೆಸೆಯಿಂದ ನಿಮ್ಮ ಬುಕ್ಕು ಯಾಕ್ ಕೆಡ್ಬೇಕು? ಇಪ್ಪತ್ತಾರು ದಿನ ಸಿಕ್ತಲ್ಲ, ಸಾಕು.” ಹೇಳಿ ಮೆಟ್ಟಿಲ ಮೇಲೆ ಕೂತು ಹೊಸ ಶರ್ಟಿನ ಗುಂಡಿ ತಿರುವತೊಡಗಿದ.

ನಾನು ಬರೆದೆ. ‘ಬೋತ್ ವೆಹಿಕಲ್ಸ್ ರಿಟರ್ನ್ಡ್, ಲೋಡ್ಸ್ ನಾಟ್ ಎಕ್ಸ್‌ಚೇಂಜ್ಡ್.’ ಕೆಳಗೆ ಸಹಿ ಹಾಕಿ, ಮಾಲೀಕರು ಇಳಿಯುವ ಮೊದಲೇ ನಾನೇ ಮೆಟ್ಟಿಲು ಹತ್ತಿದೆ. ಅವರು ಹಲ್ಲುಜ್ಜುತ್ತಿದ್ದರು. ಕೇಳುತ್ತ ಕೇಳುತ್ತ ಬ್ರಷ್ಷು ಬಾಯಲ್ಲೇ ನಿಂತಿತು. ಬನಿಯನ್ನು, ಲುಂಗಿಯಲ್ಲೇ ಕೆಳಗೆ ಬಂದರು. ಲಾರಿಯ ಸುತ್ತ ಒಂದು ಸುತ್ತು ಹಾಕಿದರು. ಡ್ರೈವರ್ ಎದ್ದು ನಿಂತ.

“ಯಾಕೋ, ಬಣ್ಣ ಕಾಣ್ಲಿಲ್ವಾ?”

“ಕಾಣ್ತು ಸಾರ್. ಕಂಡಿದ್ಕೇ ಹತ್ತಿದ್ದು. ನಂದು ಅನ್ನಿಸ್ಬಿಡ್ತು.”

ಮಾಲೀಕರು ನಮ್ಮತ್ತ ಬೆನ್ನು ತಿರುಗಿಸಿದರು. ಹಾರದಲ್ಲಿ ಸಡಿಲವಾಗಿದ್ದ ಒಂದು ಚೆಂಡುಹೂವನ್ನು ಸರಿಮಾಡುತ್ತ ನಿಂತುಬಿಟ್ಟರು. ಅವರ ಬೆನ್ನು ನೋಡಿ ಏನೂ ಊಹಿಸಲಾಗಲಿಲ್ಲ.

ಅಷ್ಟು ಹೊತ್ತಿಗೆ ಗೇಟಿನಲ್ಲಿ ಅವನ ಹೆಂಡತಿ. ಹಬ್ಬದ ರಜೆ ಅವಳಿಗೆ. ಏಳೂ ಕಾಲಾದರೂ ಗಂಡ ಬಂದಿಲ್ಲವೆಂದು, ಹಬ್ಬದ ಸೀರೆಯಲ್ಲೇ ಬಾಗಲಗುಂಟೆಯಿಂದ ಓಡುನಡಿಗೆಯಲ್ಲಿ ಬಂದಿದ್ದಳು. ಅವನನ್ನು ಕಂಡವಳೇ ತೋಳು, ಭುಜ ಮುಟ್ಟಿ ನೋಡಿದಳು.

“ಕೈಕಾಲು ನೆಟ್ಟಗಿದ್ಯಲ್ಲಾ? ಮತ್ಯಾಕೆ ಮನೆಗ್ ಬರ್ಲಿಲ್ಲ?”

ಅವನು ನೆಲ ನೋಡಿದ. ನಾನೇ ಹೇಳಬೇಕಾಯಿತು. ಕೇಳಿಸಿಕೊಂಡು ಅವಳು ಸೊಂಟಕ್ಕೆ ಕೈಯಿಟ್ಟು ಹೂಮಾಲೆ ತೊಟ್ಟು ನಿಂತ ಕೆಂಪು ಲಾರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ನನ್ನನ್ನು ಮೊದಲ ದಿನ ನೋಡಿದ ಹಾಗೆಯೇ.

“ನಂಗೆ ಒಂದ್ ಮೊಳ ಹೂವ ತರಕ್ಕಾಗ್ಲಿಲ್ಲ. ಈ ಸವತಿಗೆ ಮಾರುಗಟ್ಲೆ ಮುಡಿಸ್ಕೊಂಡು ರಾತ್ರಿಯೆಲ್ಲ ಸುತ್ತಾಡ್ಕೊಂಡ್ ಬಂದ್ಯಾ?”

ಮಾಲೀಕರ ಬೆನ್ನು ಅಲುಗಾಡಿತು. ತಿರುಗಿದಾಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಪೇಸ್ಟಿನ ನೊರೆ ಬನಿಯನ್ನಿಗೆಲ್ಲ ಸಿಡಿಯಿತು.

“ಮೇಡಂ, ನಾನು ಹೆದರಿದ್ದು ಇವರಿಗೆ ಗಾಡಿ ಮೇಲೆ ಪ್ರೀತಿ ಹೋಗ್ಬಿಡುತ್ತೆ ಅಂತ” ಎಂದರು ಬಾಯಿ ಒರೆಸಿಕೊಳ್ಳುತ್ತ. “ಇಪ್ಪತ್ತಾರು ದಿನ ಅದಲುಬದಲು ಮಾಡ್ಸಿದ್ರೂ ಇವನಿಗೆ ಕತ್ತಲಲ್ಲಿ ತನ್ನದರ ಹತ್ರಾನೇ ಕಾಲು ಹೋಯ್ತಲ್ರೀ! ಇದಕ್ಕೆ ನಾನು ಯಾವ ಬಾಯಲ್ಲಿ ಬೈಲಿ?” ಆಮೇಲೆ ಗಂಭೀರರಾದರು. “ಆದ್ರೆ ಮತ್ತೆ ಹಿಂಗಾಗಲ್ಲ ಅಂತ ಏನ್ ಗ್ಯಾರಂಟಿ? ಮಿಸ್ಡ್ ಕಾಲ್ ಕೊಟ್ಟೂ ಹಿಂಗಾಯ್ತು.”

ಫ್ರ್ಯಾಂಕ್ಲಿ, ಪದ್ಧತಿ ಮಾಡಿದವಳು ನಾನು, ತೂತು ಬಿಟ್ಟವಳೂ ನಾನು. ಶೀಟು ಬದಲಾದದ್ದನ್ನು ಕೇಳಿದೆನೇ ಹೊರತು ಮನುಷ್ಯ ಬದಲಾಗಿ ಕೂತನೇ ಎಂದು ಕೇಳಲಿಲ್ಲ.

ಉತ್ತರ ಹೇಳಿದವಳು ಆ ಹೆಂಡತಿ. “ಟೀ ಕೊನೆಗೆ ಇಟ್ರೆ ಸರಿಹೋಗುತ್ತೆ ಸಾರ್. ನಮ್ ಲೈನಲ್ಲಿ ಹೊಲಿದಿದ್ ಬಂಡಲ್ಲು ಮುಂದಿನೋಳ ಟೇಬಲ್ ಮೇಲೆ ಇಡೋತನಕ ಟೀಗೆ ಬಿಡಲ್ಲ. ಇವ್ರೂ ಮೊದಲು ದಿಂಬು ಎತ್ಕೊಂಡ್ ಹೋಗಿ ಆ ಗಾಡೀಲಿ ಇಟ್ಟು ಬರ್ಲಿ, ಆಮೇಲೆ ಟೀ. ಬೆನ್ನಿಗೆ ದಿಂಬಿಲ್ದಿದ್ರೆ ಇವ್ರು ಒಂದ್ ಮೈಲೀನೂ ಓಡ್ಸಲ್ಲ. ತಪ್ಪಿ ಹತ್ತಿದ್ರೂ ಇಳಿದ್ ಬಂದೇ ಬರ್ತಾರೆ.”

ಎಷ್ಟು ಸೆನ್ಸಿಬಲ್! ಮಾಲೀಕರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

“ತಿಂಗಳು ಗಿಂಗಳು ಏನೂ ಬೇಡ. ಲೈನ್ ಇನ್ಮೇಲೆ ಹಿಂಗೇ ನಡೀಲಿ” ಎಂದರು. “ನಿಮ್ಮ ಕ್ಲೀನ್ ಹ್ಯಾಂಡ್‌ರೈಟಿಂಗಲ್ಲಿ ಅದನ್ನೂ ಬರ್ಕೊಳಿ ಮೇಡಂ.”

ಆ ಲೈನ್ ನಾನು ಕೆಲಸ ಬಿಡುವವರೆಗೆ, ಇನ್ನೂ ಎಂಟು ವರ್ಷ, ಹಾಗೆಯೇ ನಡೆಯಿತು. ಆಮೇಲೆ ಮಂಗಳೂರು ಲೈನಿಗೂ ಅದನ್ನೇ ತಂದರು. ಈಗ ಹೆಚ್ಚಿನ ಲಾರಿಗಳಿಗೆ ಜಿಪಿಎಸ್ ಬಂದಿದೆಯಂತೆ, ಯಾವುದು ಎಲ್ಲಿದೆ ಎಂದು ಪರದೆಯ ಮೇಲೇ ಕಾಣುತ್ತದಂತೆ. ಒಳ್ಳೆಯದೇ.

ಆ ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಗೇಟಿನ ಹತ್ತಿರ ನಿಂತು ಪೇಚಾಡಿದ್ದು ಮಾತ್ರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳಿಗೆ ರಜೆ, ಇಬ್ಬರಿಗೂ ಸಂಜೆಯವರೆಗೆ ಇಡೀ ದಿನ ಕೈಯಲ್ಲಿತ್ತು. ಅಷ್ಟು ಹೊತ್ತನ್ನು ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯದು.

“ರಾತ್ರಿ ಮತ್ತೆ ಗಾಡಿ ಓಡಿಸ್ಬೇಕು, ಮಲಗ್ಲಿ ಮೇಡಂ” ಎಂದಳು ಅವಳು ನನಗೆ. “ನಾನು ಪಕ್ಕದಲ್ಲಿ ಕೂತ್ಕೊಂಡು ಟಿವಿ ನೋಡ್ತೀನಿ. ಸೌಂಡ್ ಇಲ್ದೆ.”

“ಸೌಂಡ್ ಇಡೇ” ಎಂದ ಅವನು.

“ಎಚ್ಚರ ಆಗುತ್ತೆ ನಿಂಗೆ.”

“ಸದ್ದಿಲ್ದಿದ್ರೆ ನಂಗೆ ನಿದ್ದೆ ಬರಲ್ಲ ಕಣೇ. ಜೋರಾಗಿಡು.”

“ಪಕ್ಕದ್ಮನೆಯವ್ರು ಏನಂತಾರೆ?”

“ಅಂದ್ಕೊಳ್ಳಿ. ನನ್ ಮನೆ, ನನ್ ಟಿವಿ.”

ಬಾಗಿಲು ಹಾಕಿದ ಕಾರ್ಖಾನೆಗಳ ಮುಂದೆ, ಕಂಬಕಂಬಕ್ಕೂ ಬಾಳೆಕಂದು ಕಟ್ಟಿದ ಖಾಲಿ ರಸ್ತೆಯಲ್ಲಿ ಇಬ್ಬರೂ ಅದೇ ಜಗಳವಾಡಿಕೊಂಡು ಹೊರಟರು. ತಿರುವಿನವರೆಗೂ ಅವರ ಮಾತು ಕೇಳಿಸುತ್ತಿತ್ತು. ಇನ್ನೂ ಇತ್ಯರ್ಥವಾಗಿರಲಿಲ್ಲ.